ಅಂತಿಮ ಪಗ್ ದಾಟುವವರಿಗೆ ಹೇಳುವ ಮಾತು

ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯಲ್ಲಿ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ತಿಂಗಳಲ್ಲಿ, ನಿರ್ಗಮನ ಪಥಸಂಚಲನ ನಡೆಯುತ್ತದೆ. ಚೆಟ್‌ವುಡ್ ಕಟ್ಟಡದ ಎದುರಿನ ಮೈದಾನದಲ್ಲಿ ಕೆಡೆಟ್‌ಗಳು ಸಾಲುಗಟ್ಟಿ ನಿಲ್ಲುತ್ತಾರೆ. ಗೌರವ ವಂದನೆ ಸ್ವೀಕರಿಸಲು ಬಂದ ಹಿರಿಯ ಅಧಿಕಾರಿ ಸಾಲುಗಳನ್ನು ಪರಿವೀಕ್ಷಿಸಿ, ಗೌರವ ಖಡ್ಗವನ್ನೂ ಪದಕಗಳನ್ನೂ ಕೊಟ್ಟು, ಭಾಷಣ ಮಾಡುತ್ತಾರೆ. ಅದು ಮುಗಿದ ಮೇಲೆ ಕೆಡೆಟ್‌ಗಳು ನಿಧಾನ ನಡಿಗೆಯಲ್ಲಿ ಮೆಟ್ಟಿಲೇರಿ ‘ಅಂತಿಮ ಪಗ್’ ಎಂಬ ಕೊನೆಯ ಹೆಜ್ಜೆ ಇಟ್ಟು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಊರಿಂದ ಬಂದ ಅಪ್ಪ ಅಮ್ಮ ಮಗನ ಎರಡು ಹೆಗಲಿನ ನಕ್ಷತ್ರಗಳನ್ನು ತೆರೆದು ತೋರಿಸುತ್ತಾರೆ. ಅಲ್ಲಿಗೆ ಕೆಡೆಟ್ ಹೋಗಿ ಲೆಫ್ಟಿನೆಂಟ್ ಆಯಿತು.

ಆ ಭಾಷಣವನ್ನು ಪತ್ರಿಕೆಗಳು ಮರುದಿನ ನಾಲ್ಕು ಸಾಲಿನಲ್ಲಿ ಮುಗಿಸುತ್ತವೆ. ಭದ್ರತೆಯ ಸ್ವರೂಪ ಬದಲಾಗಿದೆ, ಹೊಸ ಸವಾಲುಗಳಿಗೆ ಸಿದ್ಧರಾಗಿ ಎಂಬ ಮಾತು ಪ್ರತಿ ಸಲವೂ ಇರುತ್ತದೆ. ಬದಲಾಗುವುದು ಸವಾಲುಗಳ ಪಟ್ಟಿ ಮಾತ್ರ: ಒಂದು ಕಾಲಕ್ಕೆ ಅಣುಬಾಂಬ್, ಆಮೇಲೆ ಭಯೋತ್ಪಾದನೆ, ಈಗ ಡ್ರೋನ್, ಸೈಬರ್ ದಾಳಿ, ಕೃತಕ ಬುದ್ಧಿಮತ್ತೆ. ಪಟ್ಟಿ ಓದಿ ಹೇಳುವುದು ಸುಲಭ. ಆದರೆ ಈ ಬದಲಾವಣೆಗಳೆಲ್ಲ ಸೇರಿ ಮಾಡಿರುವ ನಿಜವಾದ ಕೆಲಸ ಬೇರೆಯೇ ಇದೆ. ಹಿಂದೆ ಬ್ರಿಗೇಡಿಯರ್ ಅಥವಾ ಜನರಲ್ ಮಟ್ಟದಲ್ಲಿ ಕೂತು ಮಾಡುತ್ತಿದ್ದ ತೀರ್ಮಾನಗಳು ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಲೆಫ್ಟಿನೆಂಟ್‌ನ ಕೈಗೆ ಇಳಿದು ಬಂದಿವೆ. ಕರ್ತವ್ಯ ಎಂಬ ಹಳೆಯ ಮಾತಿಗೆ ಹೊಸ ಭಾರ ಬಂದಿರುವುದು ಇದರಿಂದ.

ಅಕಾಡೆಮಿ ಶುರುವಾದದ್ದು 1932ರಲ್ಲಿ. ಅದಕ್ಕೂ ಮುಂಚೆ ಭಾರತೀಯರು ಅಧಿಕಾರಿಗಳಾಗಬೇಕಾದರೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಬೇಕಿತ್ತು, ಅದೂ ವರ್ಷಕ್ಕೆ ಬೆರಳೆಣಿಕೆಯ ಜನ. ಕೊಡಗಿನ ಕೆ.ಎಸ್. ತಿಮ್ಮಯ್ಯ ಆ ದಾರಿಯಲ್ಲಿ ಬಂದವರು. ಕೆ.ಎಂ. ಕಾರ್ಯಪ್ಪ ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದ ಕೊನೆಗೆ, ಇಂದೋರಿನ ಡೇಲಿ ಕಾಲೇಜಿನಲ್ಲಿ ನಡೆದ ತರಬೇತಿಯಲ್ಲಿ ಆಯ್ಕೆಯಾದವರು. ಡೆಹ್ರಾಡೂನ್‌ನ ಮೊದಲ ತಂಡದಲ್ಲಿ 40 ಜನ ಇದ್ದರು. 1932ರ ಡಿಸೆಂಬರ್ 10ರಂದು ಅಕಾಡೆಮಿಯನ್ನು ವಿಧಿವತ್ತಾಗಿ ಉದ್ಘಾಟಿಸಿದ ಪ್ರಧಾನ ದಂಡನಾಯಕ ಫಿಲಿಪ್ ಚೆಟ್‌ವುಡ್, ಆ ಕೆಡೆಟ್‌ಗಳಿಗೆ ಕರ್ತವ್ಯದ ಒಂದು ಸರದಿಯನ್ನು ಹಾಕಿಕೊಟ್ಟರು. ದೇಶದ ಸುರಕ್ಷತೆ ಮತ್ತು ಗೌರವ ಮೊದಲು. ಕೈಕೆಳಗಿನ ಸೈನಿಕರ ಯೋಗಕ್ಷೇಮ ಅದರ ನಂತರ. ಅಧಿಕಾರಿಯ ಸ್ವಂತ ಸುಖ ಕಟ್ಟಕಡೆಗೆ. ಅಕಾಡೆಮಿಯಲ್ಲಿ ಇಂದಿಗೂ ಕೆಡೆಟ್‌ಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಪರದೇಶದ ರಾಜನಿಗೆ ನಿಷ್ಠರಾಗಿರಬೇಕಿದ್ದ ಹುಡುಗರಿಗೆ, ಆ ರಾಜನದೇ ಸೇನಾಧಿಪತಿ, ನಿಮ್ಮ ದೇಶ ಮೊದಲು ಎಂದು ಹೇಳಿದ್ದ ಎಂಬುದು ಇತಿಹಾಸದ ಸಣ್ಣ ಕುಚೋದ್ಯ.

ಹದಿನೈದು ವರ್ಷಗಳಲ್ಲಿ ದೇಶವೇ ಎರಡಾಯಿತು. ಮೊದಲ ತಂಡದ 40 ಜನರಲ್ಲಿ ಸ್ಯಾಮ್ ಮಾಣೆಕ್ ಷಾ ಭಾರತದ ಸೇನಾ ಮುಖ್ಯಸ್ಥರಾದರು, ಮುಹಮ್ಮದ್ ಮೂಸಾ ಪಾಕಿಸ್ತಾನದ ಸೇನಾ ಮುಖ್ಯಸ್ಥರಾಗಿ 1965ರ ಯುದ್ಧ ನಡೆಸಿದರು, ಸ್ಮಿತ್ ಡನ್ ಸ್ವತಂತ್ರ ಬರ್ಮಾದ ಸೇನೆಯ ನೇತೃತ್ವ ವಹಿಸಿದರು. ಮೂವರೂ ಕೇಳಿದ ಪಾಠ ಒಂದೇ. ಬಹಳ ವರ್ಷಗಳ ನಂತರ, 1980ರ ದಶಕದ ಆರಂಭದಲ್ಲಿ, ಅಫ್ಘಾನಿಸ್ತಾನದಿಂದ ಬಂದು ಇಲ್ಲೇ ತರಬೇತಿ ಪಡೆದ ಶೇರ್ ಮೊಹಮ್ಮದ್ ಅಬ್ಬಾಸ್ ಸ್ತಾನಿಕ್‌ಜಾಯಿ ಮುಂದೆ ತಾಲಿಬಾನ್‌ನ ನಾಯಕರಲ್ಲೊಬ್ಬರಾದರು. ದೇಶಭಕ್ತಿಯ ಮಾತನ್ನು ಯಾರು ಬೇಕಾದರೂ ತಮ್ಮ ತಮ್ಮ ದೇಶಕ್ಕೆ ಒಯ್ಯಬಹುದು. ಕರ್ತವ್ಯದ ಗಡಿಯನ್ನು ಗುರುತಿಸಲು ಅದೊಂದೇ ಸಾಲದು.

ಸ್ವತಂತ್ರ ಭಾರತ ಆ ಗಡಿಯನ್ನು ಗುರುತಿಸಿದ್ದು ಪ್ರತಿಜ್ಞೆಯಲ್ಲಿ. ಹೊಸ ಅಧಿಕಾರಿ ನಿಷ್ಠೆಯ ಮಾತು ಕೊಡುವುದು ಸಂವಿಧಾನಕ್ಕೆ, ಯಾವುದೇ ಸರ್ಕಾರಕ್ಕಾಗಲಿ ನಾಯಕನಿಗಾಗಲಿ ಅಲ್ಲ. ನೆಲ, ಜಲ, ವಾಯು ಯಾವ ಮಾರ್ಗದಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ರಾಷ್ಟ್ರಪತಿಯ ಹಾಗೂ ಮೇಲಧಿಕಾರಿಗಳ ಆಜ್ಞೆ ಪಾಲಿಸುತ್ತೇನೆ ಎಂದು ಆತ ಒಪ್ಪಿಕೊಳ್ಳುತ್ತಾನೆ. ಆದರೆ 1950ರ ಸೇನಾ ಕಾಯಿದೆ ಆಜ್ಞಾಭಂಗವನ್ನು ಅಪರಾಧವೆನ್ನುವಾಗ ‘ಕಾನೂನುಬದ್ಧ ಆಜ್ಞೆ’ ಎಂಬ ಪದವನ್ನೇ ಬಳಸುತ್ತದೆ. ಅಂದರೆ ಕಣ್ಣು ಮುಚ್ಚಿ ಪಾಲಿಸುವುದು ಕರ್ತವ್ಯವಲ್ಲ. 1949ರ ಜನವರಿ 15ರಂದು ಮೊದಲ ಭಾರತೀಯ ಪ್ರಧಾನ ದಂಡನಾಯಕರಾದ ಕಾರ್ಯಪ್ಪನವರು ರಾಜಕೀಯದಿಂದ ದೂರ ಇರಬೇಕೆಂದು ಸೈನ್ಯಕ್ಕೆ ಮತ್ತೆ ಮತ್ತೆ ಹೇಳುತ್ತಿದ್ದರು. ನೆರೆಹೊರೆಯ ದೇಶಗಳಲ್ಲಿ ಸೇನೆ ಅರಮನೆಗೆ ನುಗ್ಗಿದ ಕಥೆಗಳನ್ನು ನೆನೆದರೆ ಆ ಮಾತಿನ ಬೆಲೆ ತಿಳಿಯುತ್ತದೆ. ಮೇಲಿನವರಿಗೆ ಅಪ್ರಿಯ ಸತ್ಯ ಹೇಳುವುದೂ ಈ ಕರ್ತವ್ಯದ ಒಳಗೇ ಬರುತ್ತದೆ. 1971ರ ಏಪ್ರಿಲ್‌ನಲ್ಲಿ ಪೂರ್ವ ಪಾಕಿಸ್ತಾನದೊಳಕ್ಕೆ ಕೂಡಲೇ ನುಗ್ಗುವ ವಿಚಾರ ಬಂದಾಗ, ಸೇನೆ ಇನ್ನೂ ಸಿದ್ಧವಿಲ್ಲ, ಮಳೆಗಾಲ ಬೇರೆ ಹತ್ತಿರ ಬಂತು ಎಂದು ಇಂದಿರಾ ಗಾಂಧಿಯವರಿಗೆ ನೇರವಾಗಿ ಹೇಳಿದ್ದಾಗಿ ಮಾಣೆಕ್ ಷಾ ಮುಂದೆ ನೆನಪಿಸಿಕೊಂಡಿದ್ದಾರೆ. ಯುದ್ಧ ನಡೆದದ್ದು ಡಿಸೆಂಬರ್‌ನಲ್ಲಿ.

ಕೆಡೆಟ್‌ಗಳಿಗೆ ಮಾಡಿದ ಭಾಷಣಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರಾದದ್ದು ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ 1962ರ ಮೇ 12ರಂದು ಜನರಲ್ ಡಗ್ಲಸ್ ಮೆಕಾರ್ಥರ್ ಮಾಡಿದ್ದು. ನಿಮ್ಮ ಕೆಲಸ ಯುದ್ಧ ಗೆಲ್ಲುವುದು, ಉಳಿದ ಸಾರ್ವಜನಿಕ ಪ್ರಶ್ನೆಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂಬುದು ಅವರ ವಾದದ ತಿರುಳು. ರಾಜಕೀಯದ ಮಟ್ಟಿಗೆ ಆ ಮಾತು ಈಗಲೂ ಸರಿ. ಯುದ್ಧ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಸ್ಪಷ್ಟವಾಗಿದ್ದ ಕಾಲದ ಮಾತು ಅದು ಎಂಬುದನ್ನೂ ಮರೆಯುವಂತಿಲ್ಲ. ಈಗಿನ ಲೆಫ್ಟಿನೆಂಟ್‌ಗೆ ಆ ಗೆರೆ ಕಾಣುವುದಿಲ್ಲ.

2020ರ ಜೂನ್ 15ರ ರಾತ್ರಿ ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ ನಡೆದದ್ದನ್ನು ನೋಡಬಹುದು. ನೈಜ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂದು ಭಾರತ ಮತ್ತು ಚೀನಾ 1996ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಆ ರಾತ್ರಿ ಎರಡು ಅಣ್ವಸ್ತ್ರ ದೇಶಗಳ ಸೈನಿಕರು ಕಲ್ಲು, ದೊಣ್ಣೆ, ಮೊಳೆ ಬಡಿದ ಸಲಾಕೆಗಳಿಂದ ಹೊಡೆದಾಡಿದರು. 16ನೇ ಬಿಹಾರ್ ದಳದ ಕರ್ನಲ್ ಬಿ. ಸಂತೋಷ್ ಬಾಬು ಸೇರಿ ಭಾರತದ 20 ಯೋಧರು ಪ್ರಾಣ ಬಿಟ್ಟರು. ಯುದ್ಧ ಘೋಷಣೆಯಾಗಿರಲಿಲ್ಲ, ಶಾಂತಿಯೂ ಇರಲಿಲ್ಲ. ಬಂದೂಕು ಹೆಗಲಲ್ಲಿದ್ದೂ ಬಳಸದೆ ಇರುವ ತೀರ್ಮಾನ, ಅಥವಾ ಯಾವ ಗಳಿಗೆಯಲ್ಲಿ ಬಳಸಬೇಕೆಂಬ ತೀರ್ಮಾನ, ಅಂಥ ಕಡೆ ದೆಹಲಿಯಲ್ಲಿ ಕೂತವರಿಂದ ಆಗುವಂಥದ್ದಲ್ಲ. ಆ ಘಟನೆಯ ನಂತರ ಜೀವಾಪಾಯದ ಸನ್ನಿವೇಶದಲ್ಲಿ ಸ್ಥಳದಲ್ಲಿರುವ ಕಮಾಂಡರ್‌ಗಳೇ ನಿರ್ಧರಿಸಬಹುದೆಂದು ಸರ್ಕಾರ ಹೇಳಿತು. ಸ್ವಾತಂತ್ರ್ಯ ಕೊಟ್ಟಷ್ಟೇ ಹೊಣೆಯನ್ನೂ ಹೊರಿಸಿದ ನಿರ್ಧಾರ ಅದು.

ಆಕಾಶದಿಂದ ಬರುವ ಅಪಾಯವೂ ಅಗ್ಗವಾಗಿದೆ. 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳು ಸ್ಫೋಟಕ ಬೀಳಿಸಿದವು. ಒಂದು ಕಟ್ಟಡದ ಛಾವಣಿ ಒಡೆಯಿತು, ಇಬ್ಬರಿಗೆ ಸಣ್ಣ ಗಾಯವಾಯಿತು. ಹಾನಿ ದೊಡ್ಡದಲ್ಲ, ಕೋಟಿಗಟ್ಟಲೆ ಬೆಲೆಯ ವಿಮಾನಗಳಿರುವ ನೆಲೆಯನ್ನು ಒಂದು ಸಣ್ಣ ಯಂತ್ರ ಮುಟ್ಟಬಲ್ಲದು ಎಂಬುದೇ ಸುದ್ದಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಗಿ, ಮೇ 7ರಂದು ‘ಆಪರೇಷನ್ ಸಿಂಧೂರ’ ನಡೆದಾಗ ಆ ನಾಲ್ಕು ದಿನಗಳ ಸಂಘರ್ಷದಲ್ಲಿ ಪಾಕಿಸ್ತಾನದ ಗಡಿಯುದ್ದಕ್ಕೂ ಡ್ರೋನ್‌ಗಳು ಹಿಂಡು ಹಿಂಡಾಗಿ ಬಂದವು. ಉಕ್ರೇನ್ ಯುದ್ಧವಂತೂ ಕಂದಕದಲ್ಲಿ ಅಡಗಿದ ಒಬ್ಬೊಬ್ಬ ಸೈನಿಕನನ್ನೂ ಮೇಲಿನಿಂದ ಹುಡುಕಿ ಹೊಡೆಯುವ ಮಟ್ಟಕ್ಕೆ ಹೋಗಿದೆ. ಮರೆ ಎಂಬುದೇ ಇಲ್ಲದ ರಣರಂಗದಲ್ಲಿ ತುಕಡಿಯನ್ನು ಚದುರಿಸಿ ಇಡಬೇಕು. ಚದುರಿದ ತುಕಡಿಯಲ್ಲಿ ಮೇಲಿನ ಆಜ್ಞೆಗೆ ಕಾದು ಕೂರಲಾಗದು.

ಸೈನಿಕನ ಜೇಬಿನಲ್ಲಿರುವ ಫೋನ್ ಕೂಡ ಈಗ ಶತ್ರುವಿಗೆ ದಾರಿ ತೋರಿಸಬಲ್ಲದು. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರ ಓಟದ ಹಾದಿಗಳನ್ನೆಲ್ಲ ಒಂದು ಭೂಪಟದಲ್ಲಿ ಬೆಳಗಿಸಿ ತೋರಿಸಿದ್ದು ಜನರ ಕಣ್ಣಿಗೆ ಬಿತ್ತು. ಬೆಳಗಿನ ಜಾಗಿಂಗ್ ಮಾಡಿದ ಸೈನಿಕರಿಂದಾಗಿ ಮರುಭೂಮಿಯ ನಡುವೆ ಇದ್ದ ವಿದೇಶಿ ಸೇನಾ ಶಿಬಿರಗಳ ಸುತ್ತಳತೆ ಅದರಲ್ಲಿ ಗೆರೆ ಎಳೆದಂತೆ ಕಂಡಿತು. 2023ರ ಹೊಸ ವರ್ಷದ ಮೊದಲ ಗಳಿಗೆಯಲ್ಲಿ ಉಕ್ರೇನಿನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ರಾಕೆಟ್ ಬಿದ್ದಿತು. ಸತ್ತವರು 89 ಎಂದ ರಷ್ಯಾದ ರಕ್ಷಣಾ ಸಚಿವಾಲಯ, ನಿಷೇಧವಿದ್ದರೂ ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣವೆಂದಿತು. ಅಷ್ಟು ಜನರನ್ನು ಒಂದೇ ಸೂರಿನಡಿ ಮಲಗಿಸಿದ ಅಧಿಕಾರಿಗಳ ಬಗ್ಗೆ ಅಲ್ಲಿನವರೇ ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಭಾರತೀಯ ಭೂಸೇನೆ 2020ರ ಜುಲೈನಲ್ಲಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ತನ್ನವರಿಗೆ ಸೂಚಿಸಿತ್ತು. ಸೂಚನೆ ಹೊರಡಿಸುವುದು ದೆಹಲಿಯ ಕೆಲಸ. ರಾತ್ರಿ ಹತ್ತು ಗಂಟೆಗೆ ಮನೆಗೆ ವಿಡಿಯೊ ಕರೆ ಮಾಡುತ್ತಿರುವ ಹತ್ತೊಂಬತ್ತರ ಹುಡುಗನಿಗೆ ಅದು ಏಕೆ ಅಪಾಯವೆಂದು ಮನದಟ್ಟು ಮಾಡಿಸುವುದು ತುಕಡಿಯ ಲೆಫ್ಟಿನೆಂಟ್‌ನ ಕೆಲಸ.

ಸುಳ್ಳು ಸುದ್ದಿಯೂ ಇದೇ ಜಾತಿಯದು. 2025ರ ಮೇ ತಿಂಗಳ ಆ ದಿನಗಳಲ್ಲಿ ವಿಡಿಯೊ ಗೇಮ್‌ನ ತುಣುಕುಗಳೂ ಹಳೆಯ ಯುದ್ಧಗಳ ಚಿತ್ರಗಳೂ ಹೊಸ ದಾಳಿಯ ದೃಶ್ಯಗಳೆಂದು ಎರಡೂ ಕಡೆ ಹರಿದಾಡಿದವು. ಇಂಥ ಹೊತ್ತಿನಲ್ಲಿ ಸೈನಿಕನೊಬ್ಬನ ದುಡುಕಿನ ವರ್ತನೆಯನ್ನು ಯಾರೋ ಚಿತ್ರೀಕರಿಸಿದರೆ, ಅದು ಊಟದ ಹೊತ್ತಿಗೆ ವಿದೇಶಾಂಗ ಸಚಿವಾಲಯದ ತಲೆನೋವಾಗುತ್ತದೆ.

ಭಾಷಣಗಳಲ್ಲಿ ಸಾಮಾನ್ಯವಾಗಿ ಬಾರದ, ಬರಲೇಬೇಕಾದ ಸಂಗತಿಯೊಂದಿದೆ. 2021ರ ಡಿಸೆಂಬರ್ 4ರ ಸಂಜೆ ನಾಗಾಲ್ಯಾಂಡ್‌ನ ಓಟಿಂಗ್ ಬಳಿ, ಕಲ್ಲಿದ್ದಲು ಗಣಿಯಿಂದ ಪಿಕಪ್ ವಾಹನದಲ್ಲಿ ಮನೆಗೆ ಮರಳುತ್ತಿದ್ದ ಕೂಲಿಗಳನ್ನು ಉಗ್ರರೆಂದು ತಪ್ಪಾಗಿ ತಿಳಿದು ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಮಂದಿ ಸತ್ತರು; ನಂತರದ ಗಲಭೆಯಲ್ಲಿ ಇನ್ನಷ್ಟು ಜೀವ ಹೋಯಿತು, ಅವರಲ್ಲಿ ಒಬ್ಬ ಸೈನಿಕನೂ ಇದ್ದ. ಕೈಗೆ ಸಿಕ್ಕ ಸುಳಿವನ್ನು ನಂಬಬೇಕೋ ಬೇಡವೋ ಎಂದು ಕತ್ತಲಾಗುವ ಹೊತ್ತಿನಲ್ಲಿ ಕ್ಷಣದಲ್ಲಿ ತೀರ್ಮಾನಿಸಬೇಕಾದ ಸ್ಥಿತಿಯನ್ನು ಇದಕ್ಕಿಂತ ಕಟುವಾಗಿ ಬೇರಾವುದೂ ತೋರಿಸಲಾರದು. ಅಕಾಡೆಮಿಯ ಧ್ಯೇಯವಾಕ್ಯ ‘ವೀರತಾ ಔರ್ ವಿವೇಕ್’. ಶೌರ್ಯದ ಪಾಠಕ್ಕೆ ಉದಾಹರಣೆಗಳು ಹೇರಳವಾಗಿ ಸಿಗುತ್ತವೆ. ವಿವೇಕದ ಪಾಠಕ್ಕೆ ತಪ್ಪುಗಳನ್ನೂ ಮುಂದಿಡಬೇಕಾಗುತ್ತದೆ.

ಗುಂಡಿನ ಸಂಬಂಧವೇ ಇಲ್ಲದ ಕರ್ತವ್ಯವೂ ಬೆಳೆಯುತ್ತಿದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದಾಗ, ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. 24 ಟನ್ ಭಾರ ಹೊರುವ ಆ ಸೇತುವೆಯನ್ನು ಮಳೆಯಲ್ಲಿ, ತುಂಬಿ ಹರಿಯುವ ಹೊಳೆಯ ಮೇಲೆ, ಹಗಲಿರುಳು ದುಡಿದು ಎರಡು ದಿನದೊಳಗೆ ಮುಗಿಸಿದ ತಂಡದಲ್ಲಿ ಮೇಜರ್ ಸೀತಾ ಶೇಳ್ಕೆ ಮುಂದಾಳಾಗಿದ್ದರು. ಇದೇನೂ ಪೂರ್ತಿ ಹೊಸದಲ್ಲ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಂಗಡಣೆಯ ಆಯೋಗಕ್ಕೆ ಅಧ್ಯಕ್ಷರಾಗಿ ಹೋದ ತಿಮ್ಮಯ್ಯ, ಗೆಲ್ಲಲೆಂದು ಒಂದು ಗುಂಡನ್ನೂ ಹಾರಿಸದೆ, ಎರಡು ಬಣಗಳ ನಡುವೆ ಸಿಕ್ಕಿದ ಸಾವಿರಾರು ಕೈದಿಗಳನ್ನು ಸಂಭಾಳಿಸಿದರು. ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಸೈಪ್ರಸ್‌ಗೆ ಹೋಗಿ, 1965ರಲ್ಲಿ ಅಲ್ಲೇ ತೀರಿಕೊಂಡರು.

ಎದುರಿನ ಸಾಲಿನಲ್ಲಿ ನಿಂತು ಭಾಷಣ ಕೇಳುವವರೂ ಬದಲಾಗಿದ್ದಾರೆ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸುಪ್ರೀಂ ಕೋರ್ಟಿನ 2021ರ ಆದೇಶದಿಂದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಮೊದಲ ತಂಡದ 17 ಮಂದಿ 2025ರ ಮೇ 30ರಂದು ಅಲ್ಲಿಂದ ಹೊರಬಂದರು. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 1992ರಿಂದಲೇ ಮಹಿಳೆಯರಿದ್ದಾರೆ. ಇವರೆಲ್ಲ ಮುನ್ನಡೆಸಬೇಕಾದ ತುಕಡಿಗಳ ಸ್ವರೂಪವೂ ಬೇರೆಯಾಗಿದೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಲ್ಲಿ ಸೈನಿಕರು ಸೇರುವುದು ನಾಲ್ಕು ವರ್ಷಕ್ಕೆ. ಆಮೇಲೆ ಶೇ 25ರವರೆಗೆ ಮಾತ್ರ ಉಳಿಯುತ್ತಾರೆ. ಉಳಿಯುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಹುಡುಗ, ಹದಿನೈದು ವರ್ಷ ರೆಜಿಮೆಂಟ್‌ನಲ್ಲೇ ಬೆಳೆದ ಹವಾಲ್ದಾರ್, ಇಬ್ಬರನ್ನೂ ಒಂದೇ ಗಸ್ತಿಗೆ ಕರೆದೊಯ್ಯಬೇಕು. ಯೋಜನೆಯ ಬಗ್ಗೆ ವಾದವಿವಾದ ಏನೇ ಇರಲಿ, ಸೈನಿಕರ ಯೋಗಕ್ಷೇಮದ ಹಳೆಯ ಪಾಠ ಇಲ್ಲಿ ಮೊದಲಿಗಿಂತ ಕಷ್ಟದ್ದಾಗಿದೆ.

ಸಂಸ್ಥೆಗಳು ತಮ್ಮ ಮಟ್ಟದಲ್ಲಿ ಹೊಂದಿಕೊಳ್ಳುತ್ತಿವೆ. ಮೂರೂ ಪಡೆಗಳ ಸಮನ್ವಯಕ್ಕೆ 2020ರ ಜನವರಿಯಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಬಂತು. ಅದಕ್ಕೂ ಮುಂಚೆ ಸೈಬರ್ ಏಜೆನ್ಸಿ ಮತ್ತು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಕ್ಷಣಾ ಬಾಹ್ಯಾಕಾಶ ಏಜೆನ್ಸಿ ಆರಂಭವಾದವು. ಆದರೆ ಪಥಸಂಚಲನ ಮುಗಿಸಿದ ಲೆಫ್ಟಿನೆಂಟ್‌ಗೆ ಇವೆಲ್ಲ ಸದ್ಯಕ್ಕೆ ದೂರ. ಕೆಲವು ದಿನಗಳ ರಜೆ ಮುಗಿಸಿ, ಕಪ್ಪು ಟ್ರಂಕ್ ಹೊತ್ತು, ಆತ ತನಗೆ ಗೊತ್ತುಪಡಿಸಿದ ರೆಜಿಮೆಂಟ್‌ಗೆ ಹೋಗುತ್ತಾನೆ. ಸೈನಿಕರು ಆಡುವ ಭಾಷೆ ಬಾರದಿದ್ದರೆ ಕಲಿಯುತ್ತಾನೆ, ಅವರ ಜೊತೆಗೇ ಉಣ್ಣುತ್ತಾನೆ, ಓಡುತ್ತಾನೆ. ಹುದ್ದೆಯಲ್ಲಿ ತನಗಿಂತ ಕೆಳಗಿದ್ದರೂ ವಯಸ್ಸಿನಲ್ಲಿ ಅಪ್ಪನಷ್ಟಿರುವ, ಇಪ್ಪತ್ತೈದು ವರ್ಷ ಸೇವೆ ಮಾಡಿದ ಸುಬೇದಾರ್ ಆತನಿಗೆ ‘ಸಾಬ್’ ಎಂದು ಸೆಲ್ಯೂಟ್ ಹೊಡೆಯುತ್ತಾರೆ. ಆತನೂ ಅವರನ್ನು ‘ಸಾಬ್’ ಎಂದೇ ಕರೆಯುತ್ತಾನೆ. ಯಾರಿಗೆ ಮನೆಯಲ್ಲಿ ಸಾಲವಿದೆ, ಯಾರು ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ, ಯಾರ ಕೈಗೆ ಡ್ರೋನ್ ಕೊಡಬಹುದು ಎಂಬುದನ್ನೆಲ್ಲ ಆತ ತಿಳಿದುಕೊಳ್ಳುವುದು ಇವರಿಂದ. ಮೊದಲ ಗಸ್ತು ಹೊರಡುವುದು ಆಮೇಲೆ.