ಕಂಪ್ಯೂಟರ್ ಆನ್ ಆಗ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)



ಇವತ್ತಿನ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಅದು ಎದುರಾದ ದಿನ ಮನೆಯಲ್ಲಿ ಯಾರಿಗೂ ಸಣ್ಣದಾಗಿ ಕಾಣುವುದಿಲ್ಲ. ರಾತ್ರಿ ಒಂಬತ್ತು ಗಂಟೆ ಅಂದುಕೊಳ್ಳಿ. ಮಗಳು ನಾಳೆ ಬೆಳಿಗ್ಗೆ ಕಾಲೇಜಿಗೆ ಪ್ರಾಜೆಕ್ಟ್ ವರದಿ ಕೊಡಬೇಕು. ಫೈಲ್ ಇರುವುದು ಮನೆಯ ಕಂಪ್ಯೂಟರ್‌ನಲ್ಲಿ ಮಾತ್ರ. ಬಟನ್ ಒತ್ತಿದರೆ ಅದು ಆನ್ ಆಗ್ತಾನೇ ಇಲ್ಲ.

ಇಂಥ ಹೊತ್ತಲ್ಲಿ ನಾವು ಸಾಮಾನ್ಯವಾಗಿ ಎರಡು ಕೆಲಸ ಮಾಡ್ತೀವಿ. ಒಂದು, ಬಟನ್ನನ್ನು ಮತ್ತೆ ಮತ್ತೆ ಒತ್ತುವುದು. ಎರಡು, ಮರುದಿನ ಅಂಗಡಿಗೆ ಹೊತ್ತುಕೊಂಡು ಹೋಗಿ, ‘ಏನಾದ್ರೂ ಮಾಡಿ, ಸರಿ ಮಾಡಿಕೊಡಿ’ ಅನ್ನುವುದು. ಈ ‘ಏನಾದ್ರೂ ಮಾಡಿ’ ಅನ್ನುವ ಮಾತಿದೆಯಲ್ಲ, ಅದು ದುಬಾರಿ ಮಾತು. ವಿಂಡೋಸ್ ಕೆಟ್ಟಿದ್ದರೆ ಬೇಗ ಮುಗಿಯುವ ದಾರಿ ಅಂದರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವುದು. ಸಂಜೆಗೆ ಕಂಪ್ಯೂಟರ್ ಚೆನ್ನಾಗಿ ಓಡುತ್ತದೆ. ಆದರೆ ವರದಿ ಇರುವುದಿಲ್ಲ, ಹತ್ತು ವರ್ಷದ ಫೋಟೊಗಳೂ ಇರುವುದಿಲ್ಲ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂದ ಮಾತ್ರಕ್ಕೆ ಫೈಲ್ ಹೋಯಿತು ಅಂತ ಅರ್ಥ ಅಲ್ಲ. ಫೈಲ್ ಇರುವುದು ಡಿಸ್ಕ್‌ನಲ್ಲಿ. ಕೆಟ್ಟಿರುವುದು ಬಹಳಷ್ಟು ಸಲ ಬೇರೆ ಏನೋ.

ನಾಲ್ಕು ನಿಲ್ದಾಣಗಳು

ಬಸ್ ಬರಲಿಲ್ಲ ಅಂದರೆ ನಾವೇನು ಕೇಳ್ತೀವಿ? ಡಿಪೋದಿಂದಲೇ ಹೊರಟಿಲ್ವಾ, ದಾರಿಯಲ್ಲಿ ಎಲ್ಲಾದ್ರೂ ನಿಂತಿದೆಯಾ ಅಂತ ತಾನೇ? ಇಲ್ಲೂ ಅದೇ ಪ್ರಶ್ನೆ.

ಬಟನ್ ಒತ್ತಿದಾಗ ಮೊದಲು ವಿದ್ಯುತ್ ಬರಬೇಕು. ಗೋಡೆಯಿಂದ ಬರುವ 230 ವೋಲ್ಟ್‌ ಅನ್ನು ಎಸ್‌ಎಂಪಿಎಸ್ ಅನ್ನುವ ಪೆಟ್ಟಿಗೆ 12, 5, 3.3 ವೋಲ್ಟ್‌ಗಳಿಗೆ ಇಳಿಸಿ ಒಳಗಿನ ಭಾಗಗಳಿಗೆ ಕೊಡುತ್ತದೆ. ಆಮೇಲೆ ಮದರ್‌ಬೋರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ: ರ‍್ಯಾಮ್ ಇದೆಯಾ, ಡಿಸ್‌ಪ್ಲೇ ಇದೆಯಾ ಅಂತ. ಮೂರನೆಯದಾಗಿ, ಯಾವ ಡಿಸ್ಕ್‌ನಲ್ಲಿ ವಿಂಡೋಸ್ ಇದೆ ಅಂತ ಹುಡುಕುತ್ತದೆ. ನಾಲ್ಕನೆಯದಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ.

ನಿಮ್ಮ ಕಂಪ್ಯೂಟರ್ ಈ ನಾಲ್ಕರಲ್ಲಿ ಎಲ್ಲಿ ನಿಂತಿದೆ? ಲೈಟ್ ಬಂತಾ, ಫ್ಯಾನ್ ತಿರುಗಿತಾ, ಬೀಪ್ ಸದ್ದು ಬಂತಾ, ಪರದೆಯ ಮೇಲೆ ಅಕ್ಷರ ಮೂಡಿತಾ? ಏನಾದರೂ ಬರಹ ಕಂಡರೆ ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆಯವರ ಸಹಾಯ ಕೇಳುವಾಗ ‘ಏನೋ ಇಂಗ್ಲಿಷಲ್ಲಿ ಬಂತು’ ಅನ್ನುವುದಕ್ಕಿಂತ ಆ ಫೋಟೊ ಹೆಚ್ಚು ಕೆಲಸಕ್ಕೆ ಬರುತ್ತದೆ.

ಲೈಟೂ ಇಲ್ಲ, ಸದ್ದೂ ಇಲ್ಲ

ಮೊದಲನೇ ಸ್ಥಿತಿ ಇದು. ಏನು ಮಾಡಿದರೂ ಜೀವವೇ ಇಲ್ಲ. ಇಲ್ಲಿ ಅನುಮಾನ ಗೋಡೆಯಿಂದಲೇ ಶುರುವಾಗಬೇಕು. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಡುವೆ ಯುಪಿಎಸ್ ಅಥವಾ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು, ಕಂಪ್ಯೂಟರ್‌ನ ಪ್ಲಗ್ಗನ್ನು ನೇರವಾಗಿ ಗೋಡೆಗೇ ಹಾಕಿ. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿ ಅದೇ ಕೈಕೊಟ್ಟಿರುವುದೂ ಇದೆ.

ಆಮೇಲೆ ಕೇಬಲ್. ಸಿಪಿಯು ಪೆಟ್ಟಿಗೆಗೆ ಹೋಗುವ ಕೇಬಲ್ಲೂ ಮಾನಿಟರ್‌ಗೆ ಹೋಗುವ ಕೇಬಲ್ಲೂ ಎಷ್ಟೋ ಕಡೆ ಒಂದೇ ಥರದ್ದು. ಮಾನಿಟರ್‌ಗೆ ಲೈಟ್ ಬರ್ತಿದ್ದರೆ ಅದರ ಕೇಬಲ್ ತೆಗೆದು ಇಲ್ಲಿಗೆ ಹಾಕಿ ನೋಡಿ. ಪೆಟ್ಟಿಗೆಯ ಹಿಂಬದಿಯಲ್ಲಿ, ಕೇಬಲ್ ಸೇರುವ ಜಾಗದ ಪಕ್ಕ ಒಂದು ಚಿಕ್ಕ ಸ್ವಿಚ್ ಇರಬಹುದು. ಒಂದು ಕಡೆ ಗೆರೆ, ಇನ್ನೊಂದು ಕಡೆ ಸೊನ್ನೆ. ಗೆರೆ ಇರುವ ಕಡೆ ಒತ್ತಿರಬೇಕು. ಕಸ ಗುಡಿಸುವಾಗ, ಮೇಜು ಸರಿಸುವಾಗ ಇದು ಆಫ್ ಆಗಿಬಿಡುತ್ತದೆ.

ಇಷ್ಟಕ್ಕೂ ಆಗಲಿಲ್ಲ ಅಂದರೆ ಪ್ಲಗ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಮತ್ತೆ ಪ್ಲಗ್ ಹಾಕಿ ನೋಡಿ. ಲ್ಯಾಪ್‌ಟಾಪ್‌ಗೂ ಇದೇ: ಚಾರ್ಜರ್ ತೆಗೆದು ಬಟನ್ ಒತ್ತಿ ಹಿಡಿಯುವುದು, ಆಮೇಲೆ ಚಾರ್ಜರ್ ಹಾಕಿ ಅರ್ಧ ಗಂಟೆ ಬಿಡುವುದು. ಬ್ಯಾಟರಿ ಪೂರ್ತಿ ಬರಿದಾದ ಲ್ಯಾಪ್‌ಟಾಪ್ ತಕ್ಷಣ ಎಚ್ಚರವಾಗುವುದಿಲ್ಲ.

ಇಲ್ಲಿ ಮೂರು ಎಚ್ಚರಿಕೆ. ಸುಟ್ಟ ವಾಸನೆ ಬಂದಿದ್ದರೆ ಮತ್ತೆ ಪ್ಲಗ್ ಹಾಕಲೇಬೇಡಿ. ಲ್ಯಾಪ್‌ಟಾಪ್‌ನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ. ಇನ್ನು ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯ ಆಗುವಷ್ಟು ವಿದ್ಯುತ್ ಉಳಿದಿರುತ್ತದೆ. ಅದು ಕೆಟ್ಟಿದ್ದರೆ ಇಡೀ ಪೆಟ್ಟಿಗೆಯನ್ನೇ ಬದಲಿಸುವುದು ರೂಢಿ. ಅದನ್ನು ಬದಲಿಸಿದರೆ ನಿಮ್ಮ ಡಿಸ್ಕ್‌ನಲ್ಲಿರುವ ಒಂದು ಫೈಲೂ ಅಳಿಸುವುದಿಲ್ಲ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಎರಡನೇ ಸ್ಥಿತಿ. ವಿದ್ಯುತ್ ಬಂದಿದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಮೊದಲು ಮಾನಿಟರ್ ನೋಡಿ. ಅದರ ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿದೆಯಾ? ಮಾನಿಟರ್‌ನ ಮೆನುವಿನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆ ಆಗಿದೆಯಾ? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಆ ಕಾರ್ಡಿಗೇ ಹೋಗಿರಬೇಕು. ಪೆನ್‌ಡ್ರೈವ್, ಪ್ರಿಂಟರ್, ವೆಬ್‌ಕ್ಯಾಮ್ ಎಲ್ಲವನ್ನೂ ಕಿತ್ತು, ಕೀಬೋರ್ಡ್ ಮತ್ತು ಮಾನಿಟರ್ ಮಾತ್ರ ಇಟ್ಟು ನೋಡಿ.

ಮುಂದಿನ ಅನುಮಾನ ರ‍್ಯಾಮ್ ಮೇಲೆ. ಡೆಸ್ಕ್‌ಟಾಪ್‌ ಆದರೆ ಇದನ್ನು ಮನೆಯಲ್ಲೇ ನೋಡಬಹುದು. ಪ್ಲಗ್ ತೆಗೆಯಿರಿ. ಪಕ್ಕದ ಮುಚ್ಚಳ ಬಿಚ್ಚಿ. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ನಮ್ಮ ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಚಿಪ್‌ಗೆ ತಾಗಬಾರದು. ಸ್ಕೇಲ್ ಥರ ಉದ್ದಕ್ಕೆ ನಿಂತಿರುವುದೇ ರ‍್ಯಾಮ್. ತುದಿಯ ಕ್ಲಿಪ್ ಸರಿಸಿ ಅದನ್ನು ಎತ್ತಿ, ಸ್ಲಾಟ್‌ನ ಧೂಳು ತೆಗೆದು, ‘ಟಕ್’ ಅಂತ ಕ್ಲಿಪ್ ಕೂರುವವರೆಗೂ ಮತ್ತೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ. ಒಂದರಲ್ಲಿ ಓಡಿ, ಇನ್ನೊಂದರಲ್ಲಿ ನಿಂತರೆ ತಪ್ಪು ಯಾರದ್ದು ಅಂತ ಗೊತ್ತಾಯ್ತಲ್ಲ.

ಆನ್ ಮಾಡಿದಾಗ ಬೀಪ್ ಬೀಪ್ ಅಂತ ಬಂದರೆ ಎಷ್ಟು ಸಲ, ಉದ್ದವೋ ಚಿಕ್ಕದೋ ಅಂತ ಬರೆದುಕೊಳ್ಳಿ. ಅದು ಮದರ್‌ಬೋರ್ಡ್ ತನ್ನ ಕಾಯಿಲೆ ಹೇಳಿಕೊಳ್ಳುವ ಭಾಷೆ. ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ, ಹಾಗಾಗಿ ನಿಮ್ಮ ಮದರ್‌ಬೋರ್ಡ್‌ನ ಹೆಸರು ಹಾಕಿಯೇ ಹುಡುಕಬೇಕು.

ಲೋಗೋ ಬಂತು, ಡಿಸ್ಕ್ ಸಿಗಲಿಲ್ಲ

ಮೂರನೇ ಸ್ಥಿತಿಯಲ್ಲಿ ಕಂಪನಿಯ ಲೋಗೋ ಬರುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬಂಥ ಸಾಲು. ಅಂದರೆ ಮದರ್‌ಬೋರ್ಡ್ ಚೆನ್ನಾಗಿದೆ, ಅದಕ್ಕೆ ವಿಂಡೋಸ್ ಸಿಕ್ಕಿಲ್ಲ. ಪೆನ್‌ಡ್ರೈವ್ ಹಾಕಿಯೇ ಬಿಟ್ಟಿದ್ದರೆ ತೆಗೆಯಿರಿ. ಕಂಪ್ಯೂಟರ್ ಅದರಲ್ಲೇ ವಿಂಡೋಸ್ ಹುಡುಕುತ್ತಾ ಕೂತಿರಬಹುದು.

ನಂತರ ಬಯಾಸ್ ಒಳಗೆ ಹೋಗಿ. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀ ಒತ್ತಬೇಕು; ಕೆಲವು ಕಂಪನಿಗಳಲ್ಲಿ ಎಫ್10 ಅಥವಾ ಎಸ್ಕೇಪ್. ಅಲ್ಲಿ ಎರಡು ವಿಷಯ ನೋಡಿ. ಒಂದು, ಡಿಸ್ಕ್‌ನ ಹೆಸರು ಕಾಣುತ್ತಿದೆಯಾ? ಕಾಣದಿದ್ದರೆ ಅದರ ಕೇಬಲ್ ಸಡಿಲ ಆಗಿರಬಹುದು, ಇಲ್ಲವೇ ಡಿಸ್ಕೇ ಕೆಟ್ಟಿರಬಹುದು. ಎರಡು, ದಿನಾಂಕ ಸರಿಯಿದೆಯಾ? ವರ್ಷಗಟ್ಟಲೆ ಹಿಂದಿನ ದಿನಾಂಕ ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಬಟನ್ ಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032 ಅನ್ನುವ 3 ವೋಲ್ಟ್ ಸೆಲ್. ದೊಡ್ಡ ಖರ್ಚಿನ ವಸ್ತುವಲ್ಲ. ಅದು ಮುಗಿದಾಗ ಬಯಾಸ್ ತನ್ನ ಹಳೆಯ ಸೆಟ್ಟಿಂಗ್ ಮರೆತು, ಯಾವ ಡಿಸ್ಕ್ ಮೊದಲು ನೋಡಬೇಕು ಅನ್ನುವುದನ್ನೂ ಮರೆಯಬಹುದು.

ಈ ಹಂತದಲ್ಲಿ ಒಂದು ಸದ್ದಿಗೆ ಮಾತ್ರ ಕಿವಿಗೊಡಿ. ಹಳೆಯ ಥರದ ಹಾರ್ಡ್‌ಡಿಸ್ಕ್‌ನಿಂದ ಕಟ್, ಕಟ್, ಕಟ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ಆಗಲೇ ಆಫ್ ಮಾಡಿ. ‘ಇನ್ನೊಂದ್ಸಲ ನೋಡೋಣ’ ಬೇಡ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆಗೆ ಇನ್ನಷ್ಟು ಪೆಟ್ಟು ಬೀಳಬಹುದು. ಒಳಗಿನ ಫೈಲ್ ಬೇಕೇ ಬೇಕು ಅಂದರೆ ಅದು ಡೇಟಾ ರಿಕವರಿ ಮಾಡುವವರ ಕೆಲಸ.

ವಿಂಡೋಸ್ ಬರುತ್ತದೆ, ತೆರೆದುಕೊಳ್ಳುವುದಿಲ್ಲ

ನಾಲ್ಕನೆಯದು, ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಅಥವಾ ನೀಲಿ ಪರದೆ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟ್ ಕೆಟ್ಟು, ಜಗತ್ತಿನಾದ್ಯಂತ ನೀಲಿ ಪರದೆ ಬಂತು. ಮೈಕ್ರೋಸಾಫ್ಟ್‌ನ ಅಂದಾಜಿನಲ್ಲೇ 85 ಲಕ್ಷ ಕಂಪ್ಯೂಟರ್‌ಗಳು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ನಿಂತಿತು, ನಮ್ಮ ದೇಶದಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅಷ್ಟೂ ಕಂಪ್ಯೂಟರ್‌ಗಳ ಯಂತ್ರಭಾಗ ಸರಿಯಾಗಿಯೇ ಇತ್ತು, ಫೈಲ್‌ಗಳೂ ಇದ್ದವು. ಅವು ನಿಂತದ್ದು ಈ ನಾಲ್ಕನೇ ಹಂತದಲ್ಲಿ. ಸೇಫ್ ಮೋಡ್‌ನಲ್ಲಿ ತೆರೆದು, ಆ ಕೆಟ್ಟ ಫೈಲ್ ಅಳಿಸಿದರೆ ಸಾಕು, ಸರಿಹೋಗುತ್ತಿತ್ತು. ಫಾರ್ಮ್ಯಾಟ್ ಬೇಕಿರಲಿಲ್ಲ.

ಮನೆಯಲ್ಲಿ ಅದೇ ದಾರಿ. ವಿಂಡೋಸ್ 10 ಅಥವಾ 11ರಲ್ಲಿ ಎರಡು ಮೂರು ಸಲ ಅರ್ಧಕ್ಕೇ ನಿಂತರೆ ರಿಪೇರಿ ಪರದೆ ತಾನಾಗಿಯೇ ಬರುತ್ತದೆ. ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’. ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಮಾಡಿ. ನಿನ್ನೆ ಮೊನ್ನೆ ಅಪ್‌ಡೇಟ್ ಆಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಹೀಗಾಗಿದ್ದರೆ ‘ಸಿಸ್ಟಮ್ ರಿಸ್ಟೋರ್’, ಇಲ್ಲವೇ ಸೇಫ್ ಮೋಡ್‌ಗೆ ಹೋಗಿ ಅದನ್ನು ತೆಗೆಯುವುದು.

ಅಲ್ಲೇ ‘ರೀಸೆಟ್ ದಿಸ್ ಪಿಸಿ’ ಅಂತಲೂ ಇರುತ್ತದೆ. ಅವಸರದಲ್ಲಿ ಅದಕ್ಕೆ ಕೈ ಹಾಕಬೇಡಿ. ‘ಕೀಪ್ ಮೈ ಫೈಲ್ಸ್’ ಅಂದರೆ ನಿಮ್ಮ ಫೈಲ್ ಉಳಿಸಿಕೊಂಡು ಸಾಫ್ಟ್‌ವೇರ್‌ಗಳನ್ನು ತೆಗೆಯುತ್ತದೆ. ‘ರಿಮೂವ್ ಎವ್ರಿಥಿಂಗ್’ ಅಂದರೆ ಎಲ್ಲವೂ ಹೋಗುತ್ತದೆ. ಈಗಿನ ಎಸ್‌ಎಸ್‌ಡಿಗಳಲ್ಲಿ ಹಾಗೆ ಅಳಿಸಿದ್ದನ್ನು ಮರಳಿ ತರುವುದು ಬಹುತೇಕ ಆಗದ ಮಾತು.

ರಿಪೇರಿಯ ನಡುವೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿದರೆ ಗಾಬರಿಯಾಗಬೇಡಿ, ಅದು ವೈರಸ್ ಅಲ್ಲ. ಡಿಸ್ಕ್‌ಗೆ ಬೀಗ ಹಾಕಿದೆ ಅಂತ ಅರ್ಥ. ಮನೆಯ ಕಂಪ್ಯೂಟರ್ ಆದರೆ ಆ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಮೊಬೈಲ್‌ನಿಂದ ಆ ಖಾತೆಗೆ ಲಾಗಿನ್ ಆಗಿ ನೋಡಬಹುದು. ಕೀ ಎಲ್ಲೂ ಸಿಗದಿದ್ದರೆ ಮಾತ್ರ ಕಷ್ಟ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಅದು ಅದೇ ಕೀ ಕೇಳುತ್ತದೆ.

ಮೊದಲು ಫೈಲ್, ಆಮೇಲೆ ರಿಪೇರಿ

ವಿಂಡೋಸ್ ತೆರೆಯದಿದ್ದರೂ ಫೈಲ್ ಹೊರಗೆ ತೆಗೆಯಬಹುದು. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಉಬುಂಟುವಿನಂಥ ಲಿನಕ್ಸ್ ಇರುವ ಪೆನ್‌ಡ್ರೈವ್ ಮಾಡಿಸಿಕೊಂಡು, ಅದರಿಂದ ನಿಮ್ಮ ಕಂಪ್ಯೂಟರ್ ಆನ್ ಮಾಡಿ. ‘ಟ್ರೈ’ ಅಂತ ಆಯ್ಕೆ ಮಾಡಿ, ‘ಇನ್‌ಸ್ಟಾಲ್’ ಬೇಡ. ಡಿಸ್ಕ್ ತೆರೆದು ಬೇಕಾದ ಫೈಲ್ ಅನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಬಿಚ್ಚಲು ಬರುವಂಥದ್ದಾದರೆ, ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ದೊಡ್ಡ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ.

ಇದೆಲ್ಲ ನಮ್ಮ ಕೈಲಾಗಲ್ಲಪ್ಪ ಅನ್ನಿಸಿದರೆ ಅಂಗಡಿಗೆ ಹೋಗಿ, ತಪ್ಪೇನಿಲ್ಲ. ಆದರೆ ಮಾತು ಬದಲಿಸಿ.

‘ಅಣ್ಣಾ, ಒಳಗೆ ಮುಖ್ಯವಾದ ಫೈಲ್ ಇದೆ. ನನ್ನನ್ನ ಕೇಳದೆ ಫಾರ್ಮ್ಯಾಟ್ ಮಾಡ್ಬೇಡಿ.’

‘ಆಯ್ತು ಮೇಡಂ. ಮೊದಲು ಡಿಸ್ಕ್ ಬೇರೆ ಹಾಕಿ ನೋಡ್ತೀನಿ, ಕಾಪಿ ಆದ್ಮೇಲೆ ಫೋನ್ ಮಾಡ್ತೀನಿ.’

ಒಳ್ಳೆಯ ತಂತ್ರಜ್ಞರು ಹೀಗೇ ಹೇಳ್ತಾರೆ. ‘ಡೇಟಾ ಬೇಕು, ಫಾರ್ಮ್ಯಾಟ್ ಬೇಡ’ ಅಂತ ರಸೀದಿಯ ಮೇಲೆ ಬರೆಸಿಕೊಳ್ಳಿ. ಯಾವ ಹಂತದಲ್ಲಿ ನಿಂತಿದೆ, ಮನೆಯಲ್ಲಿ ಏನೇನು ನೋಡಿದ್ರಿ ಅಂತ ಹೇಳಿ, ತೆಗೆದಿಟ್ಟ ಫೋಟೊ ತೋರಿಸಿ. ಯಾವುದೇ ಭಾಗ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ. ಡಿಸ್ಕ್ ಬದಲಿಸಿದರಂತೂ ಹಳೆಯದನ್ನು ಅಲ್ಲಿ ಬಿಟ್ಟು ಬರಲೇಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಕಾಗದ ಎಲ್ಲ ಅದರಲ್ಲೇ ಇರಬಹುದು.

ಈ ಸಂಚಿಕೆಯನ್ನು ನೀವು ಕೇಳುತ್ತಿರುವಾಗ ನಿಮ್ಮ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದ್ದರೆ ಎರಡು ಕೆಲಸ ಇವತ್ತೇ ಮಾಡಿ. ಬಿಟ್‌ಲಾಕರ್ ಕೀ ಹುಡುಕಿ ಒಂದು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರಗಳ ಜತೆ ಇಡಿ. ಕಳೆದುಕೊಳ್ಳಲು ಸಾಧ್ಯವೇ ಇಲ್ಲ ಅನ್ನುವ ಫೋಲ್ಡರ್ ಯಾವುದಿದೆಯೋ, ಅದರ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಹಾಕಿ. ಪ್ರಾಜೆಕ್ಟ್ ಬರೆಯುತ್ತಿರುವ ಮಕ್ಕಳಿದ್ದರೆ ಅವರ ಫೈಲ್ ದಿನಾ ರಾತ್ರಿ ಅವರದ್ದೇ ಇ–ಮೇಲ್‌ಗೆ ಒಂದು ಸಲ ಹೋಗಲಿ. ಆಗ ಕಂಪ್ಯೂಟರ್ ಕೈಕೊಟ್ಟರೂ ವರದಿ ಬೆಳಿಗ್ಗೆ ಕಾಲೇಜಿಗೆ ತಲುಪುತ್ತದೆ.

ಇಷ್ಟು ಇವತ್ತಿಗೆ. ನಿಮ್ಮ ಮನೆಯ ಕಂಪ್ಯೂಟರ್ ಎಲ್ಲಿ ನಿಂತಿತ್ತು, ಹೇಗೆ ಸರಿ ಆಯ್ತು ಅಂತ ನಮಗೆ ಬರೆದು ತಿಳಿಸಿ.