ಕೊನೆಯ ಬೆಂಚಿಗೂ ಪ್ರಾಜೆಕ್ಟ್

ಸುತ್ತಲಿನ ಬದುಕಿನ ಒಂದು ನಿಜವಾದ ಪ್ರಶ್ನೆಯನ್ನು ಮಕ್ಕಳು ಕೆಲವು ವಾರಗಳ ಕಾಲ ಬೆನ್ನು ಹತ್ತಿ, ಉತ್ತರ ಹುಡುಕುತ್ತಲೇ ಗಣಿತ, ಭಾಷೆ, ವಿಜ್ಞಾನಗಳನ್ನು ಕಲಿಯುವ ಕ್ರಮವೇ ಪ್ರಾಜೆಕ್ಟ್ ಆಧಾರಿತ ಕಲಿಕೆ. ಕರ್ನಾಟಕದ ಪೋಷಕರಿಗೆ ಪ್ರಾಜೆಕ್ಟ್ ಎಂದೊಡನೆ ನೆನಪಾಗುವುದು ಬೇರೆಯೇ ಸಂಗತಿ: ಅಂಗಡಿಯಿಂದ ತಂದ ಚಾರ್ಟು, ಅಂಟಿಸಿದ ಚಿತ್ರ, ಅಕ್ಕನೋ ಅಮ್ಮನೋ ಬರೆದುಕೊಟ್ಟ ಶೀರ್ಷಿಕೆ. ಪಾಠ ಮುಗಿದ ಮೇಲೆ ಅಂಕಕ್ಕಾಗಿ ಮಾಡುವ ಈ ಕೆಲಸದಲ್ಲಿ ಕಲಿಕೆ ಕಡಿಮೆ. ಪ್ರಾಜೆಕ್ಟ್ ಆಧಾರಿತ ಕಲಿಕೆಯಲ್ಲಾದರೋ ಪಾಠ ನಡೆಯುವುದೇ ಪ್ರಾಜೆಕ್ಟಿನೊಳಗೆ.

ಈ ವಿಚಾರ ಹೊಸದಲ್ಲ. ಅಮೆರಿಕದ ಜಾನ್ ಡ್ಯೂಯಿ ಅವರ ಚಿಂತನೆಯನ್ನು ಮುಂದುವರಿಸಿ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ‘ಪ್ರಾಜೆಕ್ಟ್ ಮೆಥಡ್’ ಎಂಬ ಪ್ರಬಂಧ ಪ್ರಕಟಿಸಿದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈಕೆಲಸದ ಮೂಲಕವೇ ವಿದ್ಯೆ ಕಲಿಸಬೇಕೆಂದಿತು.

ಆದರೆ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಇಂಥ ಕಲಿಕೆ ಸಿಗುವುದು ಅಪರೂಪ. ಮೊದಲು ಮಗ್ಗಿ, ಕಾಗುಣಿತ ಸರಿಯಾಗಲಿ, ಪ್ರಾಜೆಕ್ಟ್ ಆಮೇಲೆ ಎಂದು ಅವರನ್ನು ಪರಿಹಾರ ಬೋಧನೆಗೆ ಕೂರಿಸಲಾಗುತ್ತದೆ. ಪರಿಹಾರ ಬೋಧನೆ ಬೇಕು, ನಿಜ. ಆದರೆ ಒಮ್ಮೆ ಅರ್ಥವಾಗದ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿಸಿದಾಗ ಮಗುವಿನಲ್ಲಿ ಗಟ್ಟಿಯಾಗುವುದು ‘ನನ್ನಿಂದ ಆಗದು’ ಎಂಬ ನಂಬಿಕೆ. ಆ ‘ಆಮೇಲೆ’ ಎಷ್ಟೋ ಮಕ್ಕಳ ಪಾಲಿಗೆ ಬರುವುದೇ ಇಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಎರಡು ಅಧ್ಯಯನಗಳು ಇಲ್ಲಿ ಮುಖ್ಯ. ಬಡ ಕುಟುಂಬಗಳ ಮಕ್ಕಳೇ ಹೆಚ್ಚಿದ್ದ 20 ಶಾಲೆಗಳ ಎರಡನೇ ತರಗತಿಗಳಲ್ಲಿ ನೆಲ್ ಡ್ಯೂಕ್, ಆನ್-ಲೀಸ್ ಹಾಲ್ವರ್ಸನ್ ಮತ್ತು ಸಂಗಡಿಗರು ಸಮಾಜ ವಿಜ್ಞಾನವನ್ನು ಪ್ರಾಜೆಕ್ಟ್‌ಗಳ ಮೂಲಕ ಕಲಿಸುವ ಪ್ರಯೋಗ ನಡೆಸಿದರು. ಸಮಾಜ ವಿಜ್ಞಾನದಲ್ಲಿಯೂ ಮಾಹಿತಿ ಪಠ್ಯಗಳ ಓದಿನಲ್ಲಿಯೂ ಈ ಮಕ್ಕಳು ಉಳಿದವರಿಗಿಂತ ಹೆಚ್ಚು ಮುನ್ನಡೆದರು; ಬರವಣಿಗೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜೋಸೆಫ್ ಕ್ರಾಯ್ಚಿಕ್ ಮತ್ತು ಸಂಗಡಿಗರು 46 ಶಾಲೆಗಳ ಮೂರನೇ ತರಗತಿಯಲ್ಲಿ ವಿಜ್ಞಾನವನ್ನು ಹೀಗೆಯೇ ಕಲಿಸಿದಾಗ ಓದಿನ ಮಟ್ಟ ಹೇಗೇ ಇರಲಿ, ಎಲ್ಲ ಬಗೆಯ ಮಕ್ಕಳಿಗೂ ಲಾಭವಾಯಿತು. ಓದು ಸರಿಯಾಗುವವರೆಗೆ ಕಾಯಬೇಕು ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇದು ತರಗತಿಯಲ್ಲಿ ನಡೆಯುವುದು ಹೇಗೆ? ಶಾಲೆಯ ಅಂಗಳದಲ್ಲಿ ಸೋರುವ ನಲ್ಲಿಯೊಂದಿದೆ ಎನ್ನಿ. ದಿನಕ್ಕೆ ಎಷ್ಟು ನೀರು ಪೋಲಾಗುತ್ತಿದೆ ಎಂಬುದೇ ಪ್ರಶ್ನೆ. ಮಕ್ಕಳು ಅಳತೆಯ ಪಾತ್ರೆ ಇಟ್ಟು ಗಡಿಯಾರ ನೋಡುತ್ತಾರೆ. 5 ನಿಮಿಷಕ್ಕೆ 250 ಮಿಲಿಲೀಟರ್ ಆದರೆ ಗಂಟೆಗೆ 3 ಲೀಟರ್, ದಿನಕ್ಕೆ 72 ಲೀಟರ್. ಗುಣಾಕಾರ ಬಾರದ ಏಳನೇ ತರಗತಿಯ ಹುಡುಗನಿಗೆ ಈಗ ಗುಣಾಕಾರ ಬೇಕಾಗಿದೆ. ಶಿಕ್ಷಕರು ಅದನ್ನು ಕಲಿಸಬೇಕಾದ ಗಳಿಗೆ ಅದೇ. ಅವನನ್ನೂ ಅವನಂಥ ನಾಲ್ಕೈದು ಮಂದಿಯನ್ನೂ ಹತ್ತಿರ ಕೂರಿಸಿಕೊಂಡು, ಕಾಲು ಗಂಟೆ ಬಿಡಿಸಿ ಹೇಳಿ, ಮತ್ತೆ ನಲ್ಲಿಯ ಬಳಿಗೆ ಕಳಿಸಬೇಕು. ಕೊನೆಯಲ್ಲಿ ನಲ್ಲಿ ಸರಿಪಡಿಸಿ ಎಂದು ಮಕ್ಕಳೇ ಬರೆದ ಪತ್ರ ಗ್ರಾಮ ಪಂಚಾಯಿತಿಗೆ ಹೋಗಬೇಕು. ನಿಜವಾಗಿ ಒಬ್ಬರು ಓದುತ್ತಾರೆಂದು ಗೊತ್ತಾದಾಗ, ತಪ್ಪು ತಿದ್ದಿ ಎರಡನೇ ಸಲ ಬರೆಯಲು ಮಗುವಿಗೆ ಕಾರಣ ಸಿಗುತ್ತದೆ.

ಹಾಗೆಂದು ಮಕ್ಕಳೇ ಕಂಡುಕೊಳ್ಳಲಿ ಎಂದು ಕೈಬಿಟ್ಟರೆ ಮೊದಲು ಸೋಲುವವರು ಓದಿನಲ್ಲಿ ಹಿಂದೆ ಬಿದ್ದವರೇ. ಸಂಶೋಧಕರಾದ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರ ಲೇಖನದಲ್ಲಿ ಇದನ್ನೇ ಎಚ್ಚರಿಸಿದ್ದರು: ವಿಷಯದ ತಿಳಿವಳಿಕೆ ಇನ್ನೂ ಇಲ್ಲದವರ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ, ಮಾರ್ಗದರ್ಶನ ಕಡಿಮೆಯಾದಷ್ಟೂ ಗೊಂದಲ ಹೆಚ್ಚು. ಆದ್ದರಿಂದ ದೊಡ್ಡ ಕೆಲಸವನ್ನು ಒಂದೆರಡು ದಿನದ ತುಂಡುಗಳಾಗಿ ಒಡೆಯಬೇಕು. ಮುಗಿದ ಮಾದರಿಯೊಂದನ್ನು ಮೊದಲೇ ತೋರಿಸಬೇಕು. ಹೊಸ ಪದಗಳನ್ನು ಗೋಡೆಯ ಮೇಲೆ ಬರೆದಿಡಬೇಕು. ಓದಲು ತಡವರಿಸುವವರಿಗೆ ಅದೇ ವಿಷಯವನ್ನು ಸರಳ ವಾಕ್ಯಗಳಲ್ಲಿ ಬರೆದುಕೊಡುವುದು ಶಿಕ್ಷಕರಿಗೆ ಹೆಚ್ಚುವರಿ ದುಡಿಮೆ, ಆದರೆ ಅದಿಲ್ಲದೆ ಮುಂದಿನದು ನಡೆಯದು.

ಗುಂಪಿನೊಳಗೂ ಅನ್ಯಾಯ ನುಸುಳುತ್ತದೆ. ಜಾಣೆಯೊಬ್ಬಳು ಲೆಕ್ಕ, ಬರಹ ಎರಡನ್ನೂ ಮುಗಿಸುತ್ತಾಳೆ. ಹಿಂದುಳಿದವನ ಪಾಲಿಗೆ ಬಣ್ಣ ತುಂಬುವುದಷ್ಟೇ ಉಳಿಯುತ್ತದೆ. ಅವನು ಕಲಿಯಬೇಕಿರುವುದೇ ಲೆಕ್ಕ, ತಪ್ಪಿಹೋಗುವುದೂ ಲೆಕ್ಕವೇ. ಪ್ರತಿ ಮಗುವೂ ತನ್ನ ಪಾಲಿನ ಅಳತೆ, ಲೆಕ್ಕ, ಬರಹವನ್ನು ತಾನೇ ಮಾಡಿ ವಿವರಿಸುವಂತೆ ಕೆಲಸ ಹಂಚಬೇಕು.

ಮೌಲ್ಯಮಾಪನದಲ್ಲಿ ಚಾರ್ಟಿನ ಅಂದಕ್ಕೆ ಅಂಕ ಕೊಟ್ಟರೆ ಗೆಲ್ಲುವುದು ಅನುಕೂಲಸ್ಥರ ಮನೆ. ಮಗು ಶುರುವಿನಲ್ಲಿ ಎಲ್ಲಿತ್ತು, ಈಗ ಏನನ್ನು ಯಾರ ನೆರವಿಲ್ಲದೆ ಮಾಡುತ್ತದೆ ಎಂಬುದನ್ನು ಶಿಕ್ಷಕರು ಬರೆದಿಟ್ಟುಕೊಳ್ಳಬೇಕು. ಪೋಷಕರೂ ಚಾರ್ಟು ಬರೆದುಕೊಡುವುದನ್ನು ಬಿಟ್ಟು, ಅಳತೆ ಹೇಗೆ ಮಾಡಿದೆ ಎಂದು ಮಗುವಿನ ಬಾಯಿಂದಲೇ ಕೇಳಲಿ.