ಮಾನೇಸರ್ ಹವೆಗೆ ಯಾವ ಯೀಸ್ಟ್, ಯಾವ ಹಾಪ್ಸ್?

ಮಾನೇಸರ್‌ನಲ್ಲಿ ಜೂನ್ ತಿಂಗಳ ಮಧ್ಯಾಹ್ನ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಜನವರಿಯ ರಾತ್ರಿ ಅದೇ ಊರಿನಲ್ಲಿ 5 ಡಿಗ್ರಿಗೂ ಕೆಳಗಿಳಿಯುತ್ತದೆ. ದೆಹಲಿ–ಜೈಪುರ ಹೆದ್ದಾರಿಯ ಬದಿಯಲ್ಲಿ, ಕಾರು ಮತ್ತು ಬೈಕು ಕಾರ್ಖಾನೆಗಳ ನಡುವೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಏರಿಳಿತ ಮೊದಲು ತಿಳಿಯುವುದು ದೋಸೆ ಹಿಟ್ಟಿನಲ್ಲಿ. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಪಾತ್ರೆಯಿಂದ ಉಕ್ಕಿ ಹುಳಿಯಾಗುವ ಹಿಟ್ಟು ಚಳಿಗಾಲದಲ್ಲಿ ಕಂಬಳಿ ಹೊದಿಸಿಟ್ಟರೂ ಬೆಳಿಗ್ಗೆ ಹಾಗೇ ಕೂತಿರುತ್ತದೆ. ಬಿಯರ್ ಕೂಡ ಹುದುಗಿನಿಂದಲೇ ಆಗುವಂಥದ್ದು. ಹಾಗಾಗಿ ಅದರ ಯೀಸ್ಟ್ ಆರಿಸುವಾಗ ಮೊದಲು ನೋಡಬೇಕಾದ್ದು ಪಾಕವಿಧಾನದ ಪುಸ್ತಕವನ್ನಲ್ಲ, ಗೋಡೆಯ ಮೇಲಿನ ಉಷ್ಣಮಾಪಕವನ್ನು.

ಒಂದು ಮಾತು ಮೊದಲೇ ಹೇಳಬೇಕು. ಮಾನೇಸರ್ ಇರುವ ಹರಿಯಾಣದಲ್ಲಿ ಜಾರಿಯಲ್ಲಿರುವುದು 1914ರ ಪಂಜಾಬ್ ಅಬಕಾರಿ ಕಾಯ್ದೆ. ನಮ್ಮಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಎರಡರಲ್ಲೂ ಅಪರಾಧ. ಈ ಕಸುಬನ್ನು ಬಹಿರಂಗವಾಗಿ ನೋಡಿ ಕಲಿಯಬೇಕೆಂದರೆ ಗುರುಗ್ರಾಮದಲ್ಲಿ, ನಮ್ಮ ಬೆಂಗಳೂರಿನ ಇಂದಿರಾನಗರ, ವೈಟ್‌ಫೀಲ್ಡ್‌ಗಳಲ್ಲಿ ಇರುವ ಮೈಕ್ರೋಬ್ರೂವರಿಗಳಿಗೆ ಹೋಗಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಇದೊಂದು ಮನೆಯ ಹವ್ಯಾಸ; ಅಲ್ಲಿ ನೆಲೆಸಿದ ಕನ್ನಡಿಗರು ಗ್ಯಾರೇಜಿನಲ್ಲೇ ಮಾಡಬಹುದು.

ಬಿಯರಿಗೆ ಬೇಕಾದ್ದು ನಾಲ್ಕೇ ಸಾಮಗ್ರಿ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್, ಯೀಸ್ಟ್. ಬವೇರಿಯಾದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧ ಶುದ್ಧತೆಯ ಕಟ್ಟಳೆಯಲ್ಲಿ ಮೊದಲ ಮೂರರ ಹೆಸರಷ್ಟೇ ಇದೆ. ಯೀಸ್ಟ್ ಎಂಬ ಜೀವಿಯ ಅರಿವೇ ಆಗ ಯಾರಿಗೂ ಇರಲಿಲ್ಲ. ಅದು ಜೀವಂತ ಸೂಕ್ಷ್ಮಾಣು, ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಕೊಡುತ್ತದೆ ಎಂಬುದನ್ನು ಲೂಯಿ ಪಾಶ್ಚರ್ ಸ್ಥಾಪಿಸಿದ. 1876ರಲ್ಲಿ ಬಿಯರ್ ಕುರಿತೇ ಒಂದು ಗ್ರಂಥ ಬರೆದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಆ ತಳಿಯನ್ನು ಕಾರ್ಲ್ಸ್‌ಬರ್ಗ್ ಗುಟ್ಟಾಗಿ ಇಟ್ಟುಕೊಳ್ಳದೆ ಬೇರೆ ಬ್ರೂವರಿಗಳಿಗೂ ಹಂಚಿತು. ಇವತ್ತು ಜಗತ್ತು ಕುಡಿಯುವ ಬಿಯರಿನ ಬಹುಪಾಲು ತಂಪಿನಲ್ಲಿ ಹುದುಗಿಸುವ ಲಾಗರ್ ಆಗಿರುವುದರ ಹಿಂದೆ ಈ ಔದಾರ್ಯವೂ ಇದೆ. ಲಾಗರ್ ಯೀಸ್ಟ್ ಎರಡು ಜಾತಿಗಳ ಮಿಶ್ರತಳಿ. ಅದರ ಚಳಿ ತಾಳುವ ಪೂರ್ವಜ 2011ರಲ್ಲಿ ದಕ್ಷಿಣ ಅಮೆರಿಕದ ಪೆಟಗೋನಿಯಾದ ಕಾಡಿನಲ್ಲಿ ಪತ್ತೆಯಾಯಿತು. ಆಮೇಲೆ ಟಿಬೆಟ್ಟಿನಲ್ಲೂ ಸಿಕ್ಕಿತು.

ಮಾನೇಸರ್‌ನ ಕೋಣೆಯೊಂದನ್ನು ಊಹಿಸಿಕೊಂಡು ಯೀಸ್ಟ್ ಆರಿಸೋಣ. ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ಕೋಣೆ 12ರಿಂದ 15 ಡಿಗ್ರಿಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಫ್ರಿಜ್ ಇಲ್ಲದೆ ಇದು ಸಿಗುವುದಿಲ್ಲ. ಜರ್ಮನಿಯ ಲಾಗರ್ ತಳಿ ಡಬ್ಲ್ಯೂ-34/70ಕ್ಕೆ ಇದು ಹೇಳಿ ಮಾಡಿಸಿದ ಹವೆ. ಆದರೆ ಚಳಿಯಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುವುದರಿಂದ ಅದನ್ನು ಹೆಚ್ಚು ಹಾಕಬೇಕು. 20 ಲೀಟರಿಗೆ, ಬೆಚ್ಚಗೆ ಹುದುಗುವ ಏಲ್ ಬಿಯರಿನ ಯೀಸ್ಟ್ 11.5 ಗ್ರಾಮಿನ ಒಂದು ಪೊಟ್ಟಣ ಸಾಕಾದರೆ, ಲಾಗರಿಗೆ ಎರಡು ಪೊಟ್ಟಣ ಬೇಕು. ಹುದುಗು ಮುಗಿಯುವ ಹೊತ್ತಿಗೆ ಎರಡು ದಿನ ಪಾತ್ರೆಯನ್ನು 16–18 ಡಿಗ್ರಿಗೆ ತರಬೇಕು. ಯೀಸ್ಟ್ ಮೊದಲು ಬಿಟ್ಟುಕೊಟ್ಟ ಡೈಅಸಿಟೈಲ್ ಎಂಬ ವಸ್ತುವನ್ನು ಆಗ ಅದೇ ಹೀರಿಕೊಳ್ಳುತ್ತದೆ. ಅದು ಉಳಿದರೆ ಬಿಯರಿಗೆ ಬೆಣ್ಣೆಯ ವಾಸನೆ ಬರುತ್ತದೆ.

ಫೆಬ್ರವರಿ ಕೊನೆಯ ಹೊತ್ತು ಮತ್ತು ದೀಪಾವಳಿಯ ನಂತರದ ವಾರಗಳು ಏಲ್ ತಳಿಗಳ ಕಾಲ. ಅಮೆರಿಕದ ಯುಎಸ್-05 ತನ್ನದೇ ರುಚಿಯನ್ನು ಹೆಚ್ಚು ಬಿಡುವುದಿಲ್ಲ, ಹಾಪ್ಸ್ ಮಾತಾಡಲು ಜಾಗ ಬಿಟ್ಟುಕೊಡುತ್ತದೆ. ಇಂಗ್ಲೆಂಡಿನ ಎಸ್-04 ತುಸು ಹಣ್ಣಿನ ಪರಿಮಳ ಕೊಟ್ಟು, ಬೇಗ ತಳಕ್ಕೆ ಇಳಿದು ಬಿಯರನ್ನು ತಿಳಿಯಾಗಿಸುತ್ತದೆ. ಜರ್ಮನ್ ಗೋಧಿ ಬಿಯರಿನ ಯೀಸ್ಟ್ ಮಾತ್ರ ಹಾಗಲ್ಲ. ಅಲ್ಲಿ ಯೀಸ್ಟೇ ರುಚಿ. ಬಾಳೆಹಣ್ಣಿನ ವಾಸನೆ, ಲವಂಗದ ವಾಸನೆ ಎರಡನ್ನೂ ಅದೇ ಕೊಡುತ್ತದೆ. ಸಾಮಾನ್ಯವಾಗಿ ಬೆಚ್ಚಗಿದ್ದರೆ ಬಾಳೆಹಣ್ಣು ಮುಂದಾಗುತ್ತದೆ, ತಂಪಾಗಿದ್ದರೆ ಲವಂಗ. ಭಾರತದ ಮೈಕ್ರೋಬ್ರೂವರಿಗಳಲ್ಲಿ ಗೋಧಿ ಬಿಯರ್ ಇಷ್ಟು ಜನಪ್ರಿಯವಾಗಲು ಕಾರಣ ಈ ಹಣ್ಣಿನ ಪರಿಮಳ ಮತ್ತು ಕಹಿಯ ಕೊರತೆ ಎಂದು ನನ್ನ ನಂಬಿಕೆ.

ಒಂದು ಲೆಕ್ಕ ಮರೆಯಬಾರದು. ಹುದುಗುವಾಗ ಶಾಖ ಹುಟ್ಟುತ್ತದೆ, ಪಾತ್ರೆಯೊಳಗಿನ ಉಷ್ಣತೆ ಕೋಣೆಗಿಂತ ಮೂರು–ನಾಲ್ಕು ಡಿಗ್ರಿ ಹೆಚ್ಚಿರುತ್ತದೆ. ಕೋಣೆ 22 ಎಂದರೆ ಯೀಸ್ಟಿಗೆ ಅದು 25. ಅಂಥ ಬಿಸಿಯಲ್ಲಿ ಏಲ್ ಯೀಸ್ಟ್ ಗಂಟಲು ಸುಡುವ ಭಾರದ ಆಲ್ಕೋಹಾಲುಗಳನ್ನು ಬಿಡತೊಡಗುತ್ತದೆ.

ಹಾಗಾದರೆ ಮೇ, ಜೂನ್‌ನಲ್ಲಿ? ಇದಕ್ಕೆ ಉತ್ತರ ಬಂದಿರುವುದು ನಾರ್ವೆಯ ಹಳ್ಳಿಗಳಿಂದ. ಪಶ್ಚಿಮ ನಾರ್ವೆಯ ರೈತರು ತಲೆಮಾರುಗಳಿಂದ ಮನೆಯಲ್ಲೇ ಒಣಗಿಸಿಟ್ಟು ಕಾಪಾಡಿಕೊಂಡ ಕ್ವೈಕ್ ಎಂಬ ಯೀಸ್ಟ್ 35ರಿಂದ 40 ಡಿಗ್ರಿಯಲ್ಲಿ ಚುರುಕಾಗುತ್ತದೆ. ಮೂರು–ನಾಲ್ಕು ದಿನದಲ್ಲಿ ಕೆಲಸ ಮುಗಿಸಿ ಕಿತ್ತಳೆಯ ಪರಿಮಳ ಬಿಡುತ್ತದೆ. ಚಳಿಯ ನಾಡಿನ ಮನೆತನಗಳು ಉಳಿಸಿದ ಈ ಹುದುಗು ಅರಾವಳಿಯ ತಪ್ಪಲಿನ ಬೇಸಿಗೆಗೆ ಸರಿಹೊಂದುವುದು ನನಗೆ ಈ ಕಸುಬಿನ ಅತ್ಯಂತ ಚೆಲುವಾದ ಸಂಗತಿ.

ಇನ್ನು ಹಾಪ್ಸ್. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಈ ಬಳ್ಳಿಯ ಹೆಣ್ಣು ಹೂಗೊಂಚಲಿನಲ್ಲಿ ಹಳದಿ ಪುಡಿಯೊಂದಿದೆ, ಲ್ಯುಪುಲಿನ್. ಅದರಲ್ಲಿರುವ ಆಲ್ಫಾ ಆಮ್ಲ ಕುದಿಯುವಾಗ ರೂಪ ಬದಲಿಸಿ ಕಹಿಯಾಗುತ್ತದೆ. ಸುಗಂಧ ತೈಲ ಮಾತ್ರ ಕುದಿಯುತ್ತ ಹಾರಿಹೋಗುತ್ತದೆ. ಆದ್ದರಿಂದ ಕಹಿಗೆ ಬೇಕಾದ ಹಾಪ್ಸನ್ನು ಒಂದು ಗಂಟೆ ಕುದಿಸುತ್ತಾರೆ, ಪರಿಮಳದ್ದನ್ನು ಒಲೆ ಆರಿಸುವ ಮುನ್ನ ಅಥವಾ ಹುದುಗಿದ ಮೇಲೆ ಹಾಕುತ್ತಾರೆ. ಆಲ್ಫಾ ಆಮ್ಲ ಶೇ 6ರಷ್ಟಿರುವ ಕ್ಯಾಸ್ಕೇಡ್ 30 ಗ್ರಾಮನ್ನು 20 ಲೀಟರಿಗೆ ಒಂದು ಗಂಟೆ ಕುದಿಸಿದರೆ, ಅದರ ಕಾಲುಭಾಗ ಕರಗಿತೆಂದು ಹಿಡಿದರೂ, ಕಹಿಯ ಅಳತೆ 22ರ ಆಸುಪಾಸು ಬರುತ್ತದೆ. ಶೇ 12ರ ಮ್ಯಾಗ್ನಮ್ ಆದರೆ 15 ಗ್ರಾಮ್ ಸಾಕು. ಕಿಂಗ್‌ಫಿಷರ್‌ನ ಮೆದು ಕಹಿಗೆ ಒಗ್ಗಿದ ನಾಲಿಗೆಗೆ ಈ 22 ಒಳ್ಳೆಯ ಮೊದಲ ಮೆಟ್ಟಿಲು. ಪರಿಮಳಕ್ಕೆ ಜೆಕ್ ನಾಡಿನ ಸಾಜ್ ಮೆಣಸು–ಮೂಲಿಕೆಯ ಘಮ ಕೊಟ್ಟು ಲಾಗರಿಗೆ ಒಪ್ಪುತ್ತದೆ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್‌ನದು ಚಕ್ಕೋತದ ಘಮ. ಸಿಟ್ರಾದಲ್ಲಿ ಮಾವು, ನಿಂಬೆ ಎರಡೂ ಇವೆ.

ಹೆಸರಿಗಿಂತ ಮುಖ್ಯವಾದದ್ದು ಹಾಪ್ಸ್ ಎಷ್ಟು ತಾಜಾ ಎಂಬುದು. ಬಿಸಿಯೂ ಗಾಳಿಯೂ ಅದರ ಶತ್ರು. ಬೇಸಿಗೆಯಲ್ಲಿ ಕೊರಿಯರ್ ಗೋದಾಮಿನಲ್ಲಿ ದಿನಗಟ್ಟಲೆ ಬಿದ್ದ ಪೊಟ್ಟಣದಿಂದ ಹಳೆಯ ಚೀಸಿನ ವಾಸನೆ ಬಂದರೆ ಆಶ್ಚರ್ಯವಿಲ್ಲ. ಗಾಳಿ ತೆಗೆದ ಫಾಯಿಲ್ ಪೊಟ್ಟಣವನ್ನು ಚಳಿಗಾಲದಲ್ಲೇ ತರಿಸಿ ಫ್ರೀಜರಿನಲ್ಲಿ ಇಡುವುದು ಉತ್ತಮ. ಕೊಳ್ಳುವ ಮುನ್ನ ಕೊಯ್ಲಿನ ವರ್ಷ ನೋಡಬೇಕು. ಕಾಯ್ದೆ ಮೀರದೆ ಹಾಪ್ಸ್ ಕಲಿಯುವ ದಾರಿಯೂ ಇದೆ: ಎರಡು ಗ್ರಾಮ್ ಹಾಪ್ಸನ್ನು ಬಿಸಿನೀರಿನಲ್ಲಿ ಚಹಾದ ಎಲೆ ಹಾಕುವ ಹಾಗೆ ನೆನೆಸಿ, ಸೋಸಿ, ತಣಿಸಿ ಮೂಸಿ ಕುಡಿಯಿರಿ. ತಳಿತಳಿಯ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಬಾರ್ಲಿಗೆ ಮಾನೇಸರ್ ದೂರ ಹೋಗಬೇಕಿಲ್ಲ. ದಕ್ಷಿಣ ಹರಿಯಾಣ, ರಾಜಸ್ಥಾನದ ಹೊಲಗಳಲ್ಲಿ ಅದು ಬೆಳೆಯುತ್ತದೆ. ಕರ್ನಾಲಿನ ಗೋಧಿ–ಬಾರ್ಲಿ ಸಂಶೋಧನಾ ಸಂಸ್ಥೆ ಮಾಲ್ಟಿಗೆಂದೇ ಡಿಡಬ್ಲ್ಯೂಆರ್‌ಬಿ 92ರಂಥ ತಳಿಗಳನ್ನು ಕೊಟ್ಟಿದೆ. ಹಾಪ್ಸಿಗೆ ಮಾತ್ರ ಬೇಸಿಗೆಯ ಉದ್ದನೆಯ ಹಗಲೂ ಚಳಿಗಾಲದ ನಿದ್ದೆಯೂ ಬೇಕು. ಭಾರತದಲ್ಲಿ ಅದು ಒಗ್ಗಿದ್ದು ಹಿಮಾಚಲದ ಲಾಹೌಲ್ ಕಣಿವೆಗೆ. ಬಟಾಣಿ, ಆಲೂಗಡ್ಡೆ, ಹೂಕೋಸಿನ ಮುಂದೆ ಅಲ್ಲಿ ಬಳ್ಳಿ ಹಿಂದೆ ಸರಿದಿದೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಆ ಕಣಿವೆಯಿಂದ ಬಯಲಿಗೆ ದಾರಿ ಸುಲಭವಾಗಿದೆ. ಗುರುಗ್ರಾಮ, ಬೆಂಗಳೂರಿನ ಮೈಕ್ರೋಬ್ರೂವರಿಗಳು ಲಾಹೌಲಿನ ರೈತರಿಂದ ನೇರವಾಗಿ ಕೊಂಡರೆ ಆ ಬಳ್ಳಿ ಉಳಿದೀತು.

ಕೊನೆಗೆ ಕಾಯ್ದೆಯ ಮಾತು. ಬ್ರಿಟನ್ 1963ರಲ್ಲಿ ಮನೆಬಿಯರಿನ ಪರವಾನಗಿಯನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿಯೊಂದಿಗೆ ವಯಸ್ಕರೊಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ತೆರಿಗೆಯಿಲ್ಲದೆ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಮಾರಾಟವಿಲ್ಲ, ಭಟ್ಟಿ ಇಳಿಸುವಂತಿಲ್ಲ. ಹರಿಯಾಣ 1996ರಿಂದ 1998ರವರೆಗೆ ಪೂರ್ಣ ಪಾನನಿಷೇಧವನ್ನೇ ಹೇರಿ ಹಿಂತೆಗೆದ ರಾಜ್ಯ. ನಿಷೇಧದ ನೆರಳಲ್ಲಿ ಕಳ್ಳದಂಧೆ ಬೆಳೆಯುವುದನ್ನು ಅದು ಕಣ್ಣಾರೆ ಕಂಡಿದೆ. ಜನರನ್ನು ಕೊಲ್ಲುವ ಕಳ್ಳಭಟ್ಟಿಯ ದುರಂತಗಳಿಗೆ ಕಾರಣ ಕೈಗಾರಿಕೆಯ ಮೆಥನಾಲ್ ಬೆರಕೆ. ಬಾರ್ಲಿ ಹುದುಗಿಸಿದ ಬಿಯರಿನಲ್ಲಿ ಅಪಾಯದ ಮಟ್ಟದ ಮೆಥನಾಲ್ ಹುಟ್ಟುವುದಿಲ್ಲ. ಮೈಕ್ರೋಬ್ರೂವರಿಗೆ ಪರವಾನಗಿ ಕೊಡುವ ಹರಿಯಾಣ ಮತ್ತು ಕರ್ನಾಟಕ ಸರ್ಕಾರಗಳು ಪ್ರಮಾಣಕ್ಕೆ ಮಿತಿ ಹಾಕಿ, ಮಾರಾಟ ನಿಷೇಧಿಸಿ, ಸ್ವಂತ ಬಳಕೆಯ ಬಿಯರಿಗೆ ಸಣ್ಣ ಶುಲ್ಕದ ನೋಂದಣಿಯೊಂದನ್ನು ಆರಂಭಿಸಬೇಕು.